ನನ್ನ ಮೈದುನನ ಹಂದಿ ಬೇಟೆ

ಮೈಸೂರು ಸೀಮೆಯಲ್ಲಿ ನನ್ನ ಮೈದುನನಂಥ ಬೇಟೆಗಾರ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳುತ್ತಾನೆ! ಅವನ ಕೈಯಿಂದ ಇದುವರೆಗೆ ಒಂದು ಇಲಿಯೂ ಸತ್ತಿಲ್ಲ ಎನ್ನುವುದನ್ನು ಮಾತ್ರ ನಾನು ಹೇಳಬೇಕಾಗಿದೆ.

ಇವನು ನನ್ನ ಗಂಡನ ಕೊನೆಯ ತಮ್ಮ. ತಲೆಗೂದಲು ಕಪ್ಪಗಿದ್ದಾಗ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಕೋವಿ ಹಿಡಿದು ನಿಂತವನು, ಕೂದಲೆಲ್ಲ ಉದುರಿದ ಮೇಲೆ ಮನೆಗೆ ಬಂದ. ಅಷ್ಟು ವರ್ಷದಲ್ಲಿ ಕಳ್ಳ ಬರಲಿಲ್ಲ, ಕೋವಿ ಹಾರಲಿಲ್ಲ. ಮಾಡಿದ ಕೆಲಸ ಒಂದೇ: "ಲೈನಲ್ಲಿ ಬನ್ನಿ, ಲೈನಲ್ಲಿ ಬನ್ನಿ" ಅಂತ ಕೂಗುವುದು. ನಿವೃತ್ತಿಯ ದಿನ ಕೋವಿಯನ್ನು ವಾಪಸು ಕೊಟ್ಟ, ಆ ಮಾತನ್ನು ಮಾತ್ರ ಜೊತೆಗೆ ತಂದ. ನನ್ನ ಮೊಮ್ಮಗಳ ನಾಮಕರಣದಲ್ಲಿ ಊಟದ ಹಾಲಿನ ಬಾಗಿಲಿಗೆ ನಿಂತು, ಬೀಗರನ್ನೆಲ್ಲ ಸಾಲು ಮಾಡಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಬೀಗಿತ್ತಿಯ ಕೈಚೀಲವನ್ನೂ ತೆರೆಸಿ ನೋಡಿದ! ಆಯಮ್ಮ ಪಾಯಸ ಮುಟ್ಟದೆ ಎದ್ದು ಹೋದಳು.

ಇವನಿಗೆ ಇದ್ದದ್ದು ಒಂದೇ ಕೊರಗು. ಸಾಯುವುದರೊಳಗೆ ಒಂದು ಸಲವಾದರೂ ಎಲ್ಲರೆದುರು ಗುಂಡು ಹಾರಿಸಬೇಕು. ಶ್ರೀರಾಂಪುರದ ಟೀ ಅಂಗಡಿಯಲ್ಲಿ ಇವನ ಗೆಳೆಯರು ಸುಮ್ಮನಿರುತ್ತಾರಾ?

"ಏನ್ ಸಾರ್, ನಿಮ್ ಕೋವಿ ಒಳಗೆ ಗುಂಡಿತ್ತಾ, ಜೇಡ ಗೂಡು ಕಟ್ಟಿತ್ತಾ?"

"ಕಾಡಂದಿ ಎದುರಿಗೆ ಬರ್ಲಿ ಕಣ್ರೀ, ಆಗ ತೋರಿಸ್ತೀನಿ!"

ಅವಕಾಶ ಬಂದೇ ಬಿಟ್ಟಿತು. ನಮ್ಮ ಬಡಾವಣೆಯ ಹಿರಿಯರ ಸಂಘದವರು, ಟೀ ಅಂಗಡಿಯ ಗೆಳೆಯರೂ ಸೇರಿ, ಊರಾಚೆಯ ಒಂದು ರೆಸಾರ್ಟಿಗೆ ಹೊರಟರು. ಅಲ್ಲಿ ಒಂದು ದೊಡ್ಡ ತೋಪಿಗೆ ತಂತಿ ಬೇಲಿ ಸುತ್ತಿ, ಗೈಡನ್ನು ಜೊತೆಗೆ ಕೊಟ್ಟು ಕಾಡುಹಂದಿ ಬೇಟೆ ಆಡಿಸುತ್ತಾರೆ. ನಿಜವಾದ ಬೇಟೆ ಆಡಿದರೆ ಜೈಲು. ಹಾಗಾಗಿ ಹಂದಿ ಫೈಬರಿನದು, ಗುಂಡು ಬಣ್ಣದ್ದು. ಹಂದಿ ಪೊದೆಯಿಂದ ಕಂಬಿಯ ಮೇಲೆ ಜಾರಿಕೊಂಡು ಬರುತ್ತದೆ, ನಾವು ಅದಕ್ಕೆ ಬಣ್ಣ ಹೊಡೆಯಬೇಕು. ಓಕುಳಿಗೆ ಟಿಕೆಟ್ಟು ಇಟ್ಟ ಹಾಗೆ!

ನನಗೆ ಮಂಡಿ ನೋವು. ನಡೆಯುವುದೇ ಕಷ್ಟ, ಓಡುವುದಂತೂ ಮರೆತೇ ಹೋಗಿದೆ. ಆದರೂ ಹೋದೆ. ಇವನನ್ನು ಒಬ್ಬನೇ ಕಳಿಸಿದರೆ ಮನೆಯ ಮಾನ ಉಳಿಯುತ್ತದಾ? ಹಳೆಯ ಖಾಕಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ, ಪುಣ್ಯಾತ್ಮ.

ಗೈಡು ದಪ್ಪ ಮೀಸೆಯ, ಅದಕ್ಕಿಂತ ದಪ್ಪ ಹೊಟ್ಟೆಯ ಮನುಷ್ಯ. ಎಲ್ಲರೂ ಒಳಗೆ ಬಂದ ಮೇಲೆ ಗೇಟಿಗೆ ಬೀಗ ಹಾಕಿ, "ಯಾರೂ ಎದರ್ಕೋಬೇಡಿ, ನಾನಿವ್ನಿ" ಅಂದ. ಮೊದಲ ಹಂದಿ ಜಾರಿ ಬಂತು. ನಿವೃತ್ತ ಹೆಡ್‌ಮಿಸ್ಸು ಕಣ್ಣು ಮುಚ್ಚಿ ಹೊಡೆದರು. ಗೈಡಿನ ಬೆನ್ನು ಕೆಂಪಾಯಿತು. ನನ್ನ ಮೈದುನ ಗುರಿ ಹಿಡಿದ, ಹಿಡಿದ, ಹಿಡಿದೇ ಇದ್ದ. ಹಂದಿ ಹೋಗಿಯೇ ಹೋಯಿತು.

"ಯಾಕೋ, ನಿದ್ದೆ ಬಂತಾ?" ಅಂದೆ.

"ಪ್ಲಾಸ್ಟಿಕ್ ಹಂದಿಗೆ ಹೊಡೆದು ಹೆಸರು ಕೆಡಿಸ್ಕೊಳ್ಲಾ ಅತ್ತಿಗೆ?"

ಎಲ್ಲರೂ ನಕ್ಕರು. ನಾನು ನಡೆಯಲಾರದೆ ಅಲ್ಲೇ ಒಂದು ಕಲ್ಲುಬೆಂಚಿನ ಮೇಲೆ ಕೂತೆ.

ಅಷ್ಟರಲ್ಲಿ ಪೊದೆಯಿಂದ ಇನ್ನೊಂದು ಹಂದಿ ಬಂತು. ಮೈಯೆಲ್ಲ ಕೆಸರು, ಬೆನ್ನ ಮೇಲೆ ನೆಟ್ಟಗೆ ಕೂದಲು. "ಇದನ್ನ ಬಲೇ ಚೆನ್ನಾಗಿ ಮಾಡವ್ರೆ ಕಣ್ರೀ, ವಾಸನೆ ಕೂಡ ಇಟ್ಟವ್ರೆ!" ಅಂತ ಟೀ ಅಂಗಡಿ ಗೆಳೆಯನೊಬ್ಬ ಮೆಚ್ಚಿಕೊಂಡ. ಗೈಡು ಒಂದು ಸಲ ನೋಡಿದ. "ಸಾರ್, ಇದು ನಮ್ದಲ್ಲ" ಅಂದವನೇ ಪಕ್ಕದ ಮರಕ್ಕೆ ಕಟ್ಟಿದ್ದ ಅಟ್ಟಣೆ ಹತ್ತಿಬಿಟ್ಟ! ಆ ಹೊಟ್ಟೆ ಹೊತ್ತು ಹೇಗೆ ಹತ್ತಿದನೋ, ದೇವರಿಗೇ ಗೊತ್ತು.

ರೆಸಾರ್ಟಿನ ಅಡುಗೆಮನೆಯವರು ಬೇಲಿಯ ಬುಡದಲ್ಲಿ ಎಂಜಲು ಸುರಿಯುತ್ತಿದ್ದರಂತೆ. ಅದಕ್ಕೆ ಬಂದ ಹಂದಿ ತಂತಿಯ ಕೆಳಗೆ ತೋಡಿಕೊಂಡು ಒಳಗೇ ನುಗ್ಗಿತ್ತು. ಈಗ ಜನ ನೋಡಿ ಗಾಬರಿಯಾಗಿ, ಬಂದ ದಾರಿ ಮರೆತಿತ್ತು.

ಎಲ್ಲರೂ ಗೇಟಿಗೆ ಓಡಿದರು. ಗೇಟಿಗೆ ಬೀಗ, ಬೀಗದ ಕೈ ಅಟ್ಟಣೆಯ ಮೇಲೆ! ನಾನು ಬೆಂಚಿನ ಮೇಲೇ ಉಳಿದೆ. ಹಂದಿ ನನ್ನನ್ನೇ ನೋಡಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಓಡದೆ ಇದ್ದವನು ಒಬ್ಬನೇ. ಮೆಲ್ಲಗೆ ಬಂದು ನನ್ನ ಮುಂದೆ ಅಡ್ಡ ನಿಂತ. ಬ್ಯಾಂಕಿನ ಬಾಗಿಲಲ್ಲಿ ನಿಂತಂತೆಯೇ, ಎದೆಗೆ ಬಂದೂಕು ಒರಗಿಸಿಕೊಂಡು. "ಅಲ್ಲಾಡ್ಬೇಡಿ ಅತ್ತಿಗೆ."

ಗೇಟಿನಿಂದ ಗೆಳೆಯರು ಅರಚಿದರು: "ಹೊಡೀರಿ ಸಾರ್! ಕಾಡಂದಿನೇ ಬಂದೈತೆ, ಹೊಡೀರಿ!"

ಬಂದೂಕು ತುಂಬಿತ್ತು. ಹಂದಿ ಎದುರಿಗಿತ್ತು. ಊರೆಲ್ಲ ನೋಡುತ್ತಿತ್ತು. ಇವನು ಹೊಡೆಯಲಿಲ್ಲ. ಸ್ಥಿರವಾದ ದನಿಯಲ್ಲಿ, ಕೂಗಾಡದೆ ಹೇಳಿದ: "ಸದ್ದು ಮಾಡ್ಬೇಡಿ. ಕೀ ಎಸೀರಿ ಗೈಡೇ. ಗೇಟ್ ಪೂರ್ತಿ ತೆಗೀರಿ. ತಳ್ಳಾಡ್ಬೇಡಿ, ಲೈನಲ್ಲಿ ಬನ್ನಿ, ಬೇಲಿ ಆಚೆ ಪಕ್ಕಕ್ಕೆ ನಿಂತ್ಕೊಳ್ಳಿ."

ಮೇಲಿನಿಂದ ಕೀ ಬಿತ್ತು, ಗೇಟು ತೆರೆಯಿತು. ಏನಾಶ್ಚರ್ಯ, ಎಲ್ಲರೂ ಲೈನಲ್ಲಿ ಹೋದರು! ದಾರಿ ಖಾಲಿಯಾಯಿತು. ಹಂದಿ ಸ್ವಲ್ಪ ಹೊತ್ತು ಯೋಚಿಸಿ, ಬಾಲ ಎತ್ತಿಕೊಂಡು ಅದೇ ಗೇಟಿನಿಂದ ಆಚೆ ಓಡಿತು. ಅದೂ ಲೈನ್ ತಪ್ಪಿಸಲಿಲ್ಲ ಅನ್ನಿ. ಸದ್ಯ!

ಭಯ ಹೋದ ಕೂಡಲೇ ಜನಕ್ಕೆ ನಾಲಗೆ ಬರುತ್ತದೆ. ವ್ಯಾನಿನಲ್ಲಿ ಒಬ್ಬ ಶುರು ಮಾಡಿದ: "ಹಂದಿನೇ ಎದುರಿಗೆ ಬಂತಲ್ಲ ಸಾರ್, ಯಾಕೆ ಹೊಡೀಲಿಲ್ಲ?"

"ಕೈಯೇ ಬರ್ಲಿಲ್ಲ ಕಣಪ್ಪ" ಅಂತ ಇವನು ಹಲ್ಲು ಬಿಟ್ಟ. ವ್ಯಾನೆಲ್ಲ ನಗು.

ನಾನು ಪಿಸುಗುಟ್ಟಿದೆ: "ನಿಜ ಹೇಳೋ."

"ಸದ್ದಾಗಿದ್ರೆ ಅದು ನುಗ್ಗಿಬುಡೋದು. ನಿಮ್ಗೆ ಓಡಕ್ಕಾಯ್ತದಾ?" ಅಂದು ಕಿಟಕಿಯ ಆಚೆ ನೋಡಿದ.

ಆಗ ಕಂಡಿತು, ಅವನ ಕೈ ಅವನಿಗೇ ತಿಳಿಯದಂತೆ ನನ್ನ ಸೆರಗಿನ ತುದಿ ಹಿಡಿದುಕೊಂಡಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇವನು ಚಡ್ಡಿ ಹಾಕಲೂ ಒಪ್ಪದ, ತಾಯಿಯಿಲ್ಲದ ಕೂಸು. ಗುಡುಗು ಬಂದರೆ ನನ್ನ ಸೆರಗಿನೊಳಗೆ ನುಗ್ಗಿ, ಹಿಡಿಯಲು ನನ್ನ ಕೈ ಸಿಗುವವರೆಗೂ ಅಳುತ್ತಿದ್ದ. ಆ ಕೈಯನ್ನು ಹಿಡಿದುಕೊಂಡೆ.

"ಬುಡಿ ಅತ್ತಿಗೆ, ಜನ ನೋಡ್ತಾರೆ."

"ನೋಡ್ಲಿ ಬುಡು" ಅಂದೆ. ವ್ಯಾನು ನಮ್ಮ ಬೀದಿಗೆ ಬರುವವರೆಗೂ ಬಿಡಲಿಲ್ಲ.