ಅತ್ತೆಯ ಮುಖ, ಅಳಿಯನ ಮುಖಭಂಗ

ದೇವರು ಮನುಷ್ಯನ ಕಣ್ಣುಗಳನ್ನು ತಲೆಯ ಸರಿಯಾಗಿ ಅರ್ಧಕ್ಕೆ ಇಟ್ಟಿದ್ದಾನೆ ಎಂಬ ಸತ್ಯ ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವು ಹಣೆಯ ಕೆಳಗೆ ಎಲ್ಲೋ ಇರುತ್ತವೆ ಎಂದಷ್ಟೇ ನಂಬಿಕೊಂಡು ಸುಖವಾಗಿ ಸಂಸಾರ ಮಾಡಿಕೊಂಡಿದ್ದೆ. ನಿಮಗೂ ಗೊತ್ತಿರಲಿಕ್ಕಿಲ್ಲ. ಬೇಕಾದರೆ ಈಗಲೇ ಕನ್ನಡಿಯ ಮುಂದೆ ನಿಂತು ಅಳೆದು ನೋಡಿ. (ಅಳೆಯುವುದು ನಿಮ್ಮ ಮುಖವನ್ನಷ್ಟೇ ಆಗಿರಲಿ. ಹೆಂಡತಿಯದನ್ನು ಅಳೆದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.)

ನನ್ನ ಹೆಸರು ಪುಂಡರೀಕಾಕ್ಷ. ತಾವರೆಯಂಥ ಕಣ್ಣುಳ್ಳವನು ಎಂದರ್ಥ. ಆ ತಾವರೆಗಳು ಸದ್ಯಕ್ಕೆ ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕದ ಹಿಂದೆ ಅರಳಿಕೊಂಡಿವೆ. ಊರು ಉಡುಪಿ, ವಾಸ ಡೊಂಬಿವಲಿ, ಕೆಲಸ ಠಾಣೆಯ ಒಂದು ವಿಮಾ ಕಚೇರಿಯಲ್ಲಿ. ಇಪ್ಪತ್ತೈದು ವರ್ಷ ಬರೀ ಸಹಿ ಹಾಕಿದ್ದ ಈ ಕೈ ಚಿತ್ರ ಬರೆಯಲು ಹೊರಟಿದ್ದಕ್ಕೆ ಕಾರಣ ನನ್ನ ಷಡ್ಡಕ ವಿಕಾಸ್. ಅಂದರೆ ನನ್ನ ಹೆಂಡತಿ ಊರ್ಮಿಳೆಯ ತಂಗಿಯ ಗಂಡ.

ಈ ವಿಕಾಸ್ ಖಾರ್‌ಘರ್‌ನಲ್ಲಿ ಇರುತ್ತಾನೆ. ಅತ್ತೆಯ ಮನೆಯ ಯಾವುದೇ ಸಮಾರಂಭವಿರಲಿ, ನಾವು ಬೆಳ್ಳಿಯ ಲೋಟ ಕೊಟ್ಟರೆ ಅವನು ಬೆಳ್ಳಿಯ ಬಟ್ಟಲು ಕೊಡುತ್ತಾನೆ. ನಾವು ಬಟ್ಟಲು ಕೊಟ್ಟರೆ ಅವನು ತಟ್ಟೆ. ನಾವು ತಟ್ಟೆಗೆ ಏರುವಷ್ಟರಲ್ಲಿ ಅವನು ಫ್ರಿಜ್ಜಿಗೆ ಹಾರಿದ್ದ. ಎರಡು ಸಾವಿರದ ಹತ್ತರಲ್ಲಿ ನಮ್ಮ ಅತ್ತೆ ಮೋಹಿನಿಯವರಿಗೆ ಎಪ್ಪತ್ತೈದು ತುಂಬಿತು. ಭಾವಮೈದುನ ಹರಿಶ್ಚಂದ್ರನಿಗೆ ಠಾಣೆಯ ನೌಪಾಡಾದಲ್ಲಿ ಹೋಟೆಲಿದೆ. ಅದರ ಮಹಡಿಯ ಹಾಲಿನಲ್ಲೇ ಕಾರ್ಯಕ್ರಮವೆಂದು ನಿಶ್ಚಯವಾಯಿತು.

"ಈ ಸಲ ಅಮ್ಮನಿಗೆ ಎಂತ ಕೊಡುದು?" ಎಂದು ಊರ್ಮಿಳೆ ಕೇಳಿದಳು.

ನನ್ನ ತಲೆಯಲ್ಲಿ ಫಕ್ಕನೆ ಬೆಳಕಾಯಿತು. "ಅವರ ಮುಖ ಬಿಡಿಸಿ ಕೊಡ್ತೇನೆ" ಎಂದೆ.

"ಬಿಡಿಸ್ಲಿಕ್ಕೆ ಅದೆಂತ ಹಲಸಿನ ಹಣ್ಣಾ ಮಾರಾಯ್ರೇ?"

"ಚಿತ್ರ ಬಿಡಿಸುವುದು ಮಾರಾಯ್ತಿ! ಪೆನ್ಸಿಲಿನಲ್ಲಿ. ವಿಕಾಸ್ ಅಂಗಡಿಯಲ್ಲಿ ಸಿಗುವುದನ್ನು ಕೊಡಬಹುದು. ಕಲೆ ಯಾವ ಮಾಲ್‌ನಲ್ಲಿ ಸಿಗ್ತದೆ?"

"ನಿಮಗೆ ಚಿತ್ರ ಬರ್ತದಾ?"

"ಬರದೆ ಏನು? ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಒಟ್ಟು ನಾಲ್ಕೇ ಐಟಮ್ಮು."

ಆ ಸಂಜೆಯೇ ಪೆನ್ಸಿಲು, ರಬ್ಬರು, ದಪ್ಪ ಕಾಗದ ತಂದು ನೆನಪಿನಿಂದಲೇ ಅತ್ತೆಯನ್ನು ಬರೆದೆ. ನಾಲ್ಕು ಐಟಮ್ಮೂ ಬಂದವು, ಕಿವಿಗಳು ಬೋನಸ್ಸು. ಕಾಲೇಜಿನಿಂದ ಬಂದ ಮಗಳು ಚೈತನ್ಯಾ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.)

"ಪಪ್ಪಾ, ಇಸ್ ಕಾ ದಿಮಾಗ್ ಕಿಧರ್ ಹೈ?"

ನಿಜ. ಕಣ್ಣುಗಳನ್ನು ಕೂದಲಿನ ಬುಡದಲ್ಲೇ ಅಂಟಿಸಿಬಿಟ್ಟಿದ್ದೆ. ಮೆದುಳಿಗೆ ಜಾಗವೇ ಉಳಿದಿರಲಿಲ್ಲ. ಆದರೆ ಇಂಥದ್ದಕ್ಕೆಲ್ಲ ಎದೆಗುಂದುವ ವಂಶ ನಮ್ಮದಲ್ಲ. ಮರುದಿನ ಠಾಣೆ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ಮೇಲೆ ಭಾವಚಿತ್ರ ಬರೆಯುವುದನ್ನು ಕಲಿಸುವ ಹಳೆಯ ಪುಸ್ತಕವೊಂದು ಸಿಕ್ಕಿತು. ಅದರ ಮೊದಲ ಅಧ್ಯಾಯ ಓದುತ್ತಿದ್ದಂತೆ ನನಗೆ ಜ್ಞಾನೋದಯವಾಯಿತು. ಕಣ್ಣು ತಲೆಯ ಅರ್ಧಕ್ಕೆ. ಮುಖದ ಅಗಲ ಐದು ಕಣ್ಣಿನಷ್ಟು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಹುಬ್ಬಿನಿಂದ ಮೂಗಿನ ತುದಿಗೆ ಎಷ್ಟೋ, ಮೂಗಿನ ತುದಿಯಿಂದ ಗದ್ದಕ್ಕೂ ಅಷ್ಟೇ. ಕಿವಿಯ ಉದ್ದವೂ ಅಷ್ಟೇ. ಎಂಥ ಶಿಸ್ತು! ಬ್ರಹ್ಮನಿಗೆ ಇಷ್ಟು ಲೆಕ್ಕ ಬರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಎರಡನೆಯ ಅಧ್ಯಾಯ 'ಹೋಲಿಕೆ' ಎಂಬ ವಿಷಯದ ಬಗ್ಗೆ ಇತ್ತು. ಅಳತೆ ಸರಿಯಾದ ಮೇಲೆ ಹೋಲಿಕೆ ಬಾರದೆ ಎಲ್ಲಿ ಹೋದೀತು ಎಂದು ಓದದೆ ಬಿಟ್ಟೆ.

ಅಳೆಯುವ ವಿಧಾನವೂ ಸರಳ. ಪೆನ್ಸಿಲ್ ಹಿಡಿದ ಕೈಯನ್ನು ನೇರ ಚಾಚಬೇಕು. ಒಂದು ಕಣ್ಣು ಮುಚ್ಚಬೇಕು. ಎದುರಿನವರ ಮೂಗು ಪೆನ್ಸಿಲಿನ ಎಷ್ಟು ಉದ್ದಕ್ಕೆ ಬರುತ್ತದೋ ಅಲ್ಲಿಗೆ ಹೆಬ್ಬೆರಳು ಇಟ್ಟು ಗುರುತು ಹಿಡಿಯಬೇಕು. ಮೊದಲ ಪ್ರಯೋಗ ಊರ್ಮಿಳೆಯ ಮೇಲಾಯಿತು. ಅವಳು ದೋಸೆ ಹುಯ್ಯುತ್ತಿದ್ದಳು.

"ನಿನ್ನ ಮೂಗು ಕಿವಿಗಿಂತ ಗಿಡ್ಡ ಉಂಟಲ್ಲ" ಎಂದೆ, ಕೇವಲ ಶಾಸ್ತ್ರೀಯ ದೃಷ್ಟಿಯಿಂದ.

"ಇಷ್ಟು ವರ್ಷ ಎಂತ ನೋಡ್ತಾ ಇದ್ರಿ?"

"ಅದೂ ಅಲ್ಲದೆ, ನಿನ್ನ ಎರಡು ಕಣ್ಣಿನ ಮಧ್ಯೆ ಇನ್ನೊಂದು ಕಣ್ಣಿಗೆ ಜಾಗ ಇರಬೇಕಿತ್ತು."

"ಅಲ್ಲಿ ಇನ್ನೊಂದು ಕಣ್ಣು ಇದ್ದಿದ್ರೆ ನೀವು ಯಾವತ್ತೋ ಬೂದಿ ಆಗ್ತಿದ್ರಿ!"

ದೋಸೆ ಹುಯ್ಯುವ ಸೌಟು ನನ್ನತ್ತ ತಿರುಗಿತು. ಕಲೆಗೆ ಮನೆಯಲ್ಲಿ ಬೆಲೆಯಿಲ್ಲವೆಂದು ತೀರ್ಮಾನಿಸಿ, ಲೋಕಲ್ ಟ್ರೈನಿನಲ್ಲಿ ಅಭ್ಯಾಸ ಮುಂದುವರಿಸಿದೆ. ಅಲ್ಲಿ ಮುಖಗಳಿಗೆ ಬರವೇ? ಎದುರಿಗೆ ಕೂತಿದ್ದ ದಪ್ಪ ಮೀಸೆಯವನ ಕಡೆಗೆ ಪೆನ್ಸಿಲ್ ಚಾಚಿ ಒಂದು ಕಣ್ಣು ಮುಚ್ಚಿದೆ. ಅವನು ಅತ್ತಿತ್ತ ನೋಡಿದ. ನಾನು ಮತ್ತೆ ಮುಚ್ಚಿದೆ.

"ಕಾಯ್ ಕಾಕಾ, ಡೋಳಾ ಮಾರತಾಯ್ ಕಾ?" ಎಂದು ಗುಡುಗಿದ. ಕಣ್ಣು ಹೊಡೀತೀರಾ ಅಂತ!

"ನಾಹೀ ಹೋ! ತುಮ್ಚಂ ನಾಕ್ ಮೋಜ್ತೋಯ್" ಎಂದೆ. ನಿಮ್ಮ ಮೂಗು ಅಳೆಯುತ್ತಿದ್ದೇನೆ ಎಂಬ ಈ ಪ್ರಾಮಾಣಿಕ ಉತ್ತರದಿಂದ ಅವನು ಶಾಂತನಾಗುತ್ತಾನೆ ಎಂದುಕೊಂಡಿದ್ದೆ. ಅವನು ತೋಳು ಮಡಚುತ್ತ ಎದ್ದು ನಿಂತ. ಅಷ್ಟರಲ್ಲಿ ದಿವಾ ಸ್ಟೇಷನ್ ಬಂತು. ಅಲ್ಲಿ ಹತ್ತುವ ಜನರ ನೂಕುನುಗ್ಗಲನ್ನು ನಾನು ಜೀವಮಾನವಿಡೀ ಶಪಿಸಿದ್ದೇನೆ. ಅಂದು ಮಾತ್ರ ಅದು ನಮ್ಮಿಬ್ಬರ ನಡುವೆ ಗೋಡೆಯಾಗಿ ನಿಂತು ನನ್ನ ಮೂಗಿನ ಅಳತೆಯನ್ನು ಕಾಪಾಡಿತು.

ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಹೆಂಗಸಿನ ಕಿವಿಯನ್ನು ಅಳೆದು ಮನೆಗೆ ಬಂದರೆ, ಸುದ್ದಿ ನನಗಿಂತ ಮೊದಲೇ ಮಹಡಿ ಹತ್ತಿತ್ತು. ತಂದವರು ಪಕ್ಕದ ಫ್ಲ್ಯಾಟಿನ ಸ್ವರ್ಣಲತಾ.

"ಊರ್ಮಿಳಕ್ಕ, ಬೇಜಾರ್ ಮಾಡ್ಬೇಡಿ. ಅಣ್ಣ ಭಾಜಿವಾಲಿಗೆ ಕಣ್ಣು ಹೊಡೀತಿದ್ರು. ಕೈಯಲ್ಲಿ ಏನೋ ಕಡ್ಡಿ ಬೇರೆ ಇತ್ತು."

ಅವರು ಹೋದ ಮೇಲೆ ನಡೆದ ಕುರುಕ್ಷೇತ್ರವನ್ನು ವರ್ಣಿಸಲಾರೆ. ಕೊನೆಗೆ ಊರ್ಮಿಳೆ ತೀರ್ಪು ಕೊಟ್ಟಳು: "ಅಮ್ಮನನ್ನೇ ಕರೆಸ್ತೇನೆ. ಅಳೆಯುದಿದ್ರೆ ಮನೆಯವರ ಮುಖ ಅಳೆದುಕೊಂಡು ಬಿದ್ದಿರಿ!"

ಹೀಗೆ ಮುಂದಿನ ಭಾನುವಾರ ಅತ್ತೆ ಬಂದರು. ನನ್ನ ಸಂಕಲ್ಪ ಕೇಳಿ ಅವರಿಗೆ ಸಂತೋಷವೋ ಸಂತೋಷ. ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಬಾಲ್ಕನಿಯಲ್ಲಿ ರಾಜಮಾತೆಯಂತೆ ಕೂತರು. ಒಂದೇ ತೊಂದರೆಯೆಂದರೆ, ಅವರ ಮುಖದ ಭಾಗಗಳು ಪುಸ್ತಕ ಓದಿಕೊಂಡಿರಲಿಲ್ಲ. ಎಡ ಹುಬ್ಬು ಬಲದ್ದಕ್ಕಿಂತ ತುಸು ಮೇಲಿತ್ತು, ಯಾರೋ ಸುಳ್ಳು ಹೇಳಿದ್ದು ಈಗಷ್ಟೇ ಗೊತ್ತಾಯಿತು ಎಂಬಂತೆ. ಮೂಗು ಒಂದಿಷ್ಟು ಪಕ್ಕಕ್ಕೆ ವಾಲಿತ್ತು. ಆದರೂ ಊಟದ ಹೊತ್ತಿಗೆ ಮೂಗಿನ ತುದಿಯವರೆಗೆ ಬಂದು ಮುಟ್ಟಿದೆ.

ಊಟವಾಗಿ ಅತ್ತೆ ಮತ್ತೆ ಬಂದು ಕೂತರು. ಪೆನ್ಸಿಲ್ ಚಾಚಿ ಅಳೆದೆ. ಮೂಗಿನಿಂದ ಗದ್ದಕ್ಕೆ ಇರಬೇಕಾದ ದೂರ ಅರ್ಧಕ್ಕರ್ಧ ಮಾಯ!

"ಅತ್ತೆ, ಬೆಳಿಗ್ಗೆ ಇದ್ದ ಗದ್ದ ಎಲ್ಲಿ ಹೋಯ್ತು?"

"ಒಳಗೆ ಲೋಟದಲ್ಲಿ ಉಂಟು" ಎಂದರು ಅತ್ತೆ, ಬೊಚ್ಚು ಬಾಯಿ ಅಗಲಿಸಿ.

ಹಲ್ಲಿನ ಸೆಟ್ಟು!

"ದಯವಿಟ್ಟು ಹಾಕಿಕೊಂಡು ಬನ್ನಿ ಅತ್ತೆ. ಇಲ್ಲದಿದ್ದರೆ ಕೆಳಗಿನ ಭಾಗ ಶಾಸ್ತ್ರಕ್ಕೆ ಕೂರುವುದಿಲ್ಲ."

"ಊಟ ಆದ್ಮೇಲೆ ಹಾಕಿದ್ರೆ ಒಸಡು ನೋಯ್ತದೆ. ನೀವು ಅಂದಾಜಿಗೆ ಬರೀರಿ ಅಳಿಯಂದಿರೇ."

ಅಂದಾಜು! ನಾನು ಯೋಚಿಸಿದೆ. ಶಾಸ್ತ್ರ ದೊಡ್ಡದೋ, ಅತ್ತೆಯ ಮುಖ ದೊಡ್ಡದೋ? ಶಾಸ್ತ್ರವೇ ಎಂದು ಮನಸ್ಸು ಹೇಳಿತು. ಅತ್ತೆಯನ್ನು ಮಲಗಲು ಕಳಿಸಿ, ಉಳಿದ ಕೆಲಸವನ್ನು ಪುಸ್ತಕ ಮತ್ತು ಸ್ಕೇಲು ಇಟ್ಟುಕೊಂಡೇ ಮುಗಿಸಿದೆ. ಹುಬ್ಬುಗಳನ್ನು ಸಮ ಮಾಡಿದೆ. ಮೂಗನ್ನು ನೆಟ್ಟಗೆ ನಿಲ್ಲಿಸಿದೆ. ಗದ್ದವನ್ನು ಲೋಟದಿಂದ ಎತ್ತಿ ಅದರ ನ್ಯಾಯವಾದ ಸ್ಥಾನದಲ್ಲಿ ಪ್ರತಿಷ್ಠಾಪಿಸಿದೆ. ಅಳತೆಗೆ ಸಿಗದ ತುಟಿಯ ಕೊಂಕು, ಕಣ್ಣಿನ ನೋಟ ಮುಂತಾದ ಚಿಲ್ಲರೆ ಸಾಮಾನುಗಳನ್ನು ಕೈ ಹೋದ ಹಾಗೆ ತುಂಬಿದೆ. ಮುಗಿದಾಗ ದೂರ ನಿಂತು ನೋಡಿದೆ. ಆಹಾ! ಕಾಗದದ ಮೇಲಿನ ಆ ಮುಖ ಎಷ್ಟು ಆತ್ಮೀಯವಾಗಿ ನನ್ನನ್ನೇ ನೋಡುತ್ತಿತ್ತು! ನನ್ನ ಕಣ್ಣು ಒದ್ದೆಯಾಯಿತು ಎಂದರೆ ನಂಬಿ.

ಯಾರಿಗೂ ತೋರಿಸಲಿಲ್ಲ. ಉಲ್ಹಾಸನಗರದಲ್ಲಿ ಚಿನ್ನದ ಬಣ್ಣದ ಕಟ್ಟು ಹಾಕಿಸಿ, ರೇಷ್ಮೆ ಬಟ್ಟೆ ಹೊದಿಸಿ ಇಟ್ಟೆ. "ಒಮ್ಮೆ ತೋರಿಸಿ ಮಾರಾಯ್ರೇ, ನನಗೆ ಯಾಕೋ ಹೆದರಿಕೆ ಆಗ್ತದೆ" ಎಂದು ಊರ್ಮಿಳೆ ಗೋಗರೆದಳು. ನಾನು ಮುಗುಳ್ನಕ್ಕೆ, ಅಷ್ಟೇ.

ಹುಟ್ಟುಹಬ್ಬದ ದಿನ ನೌಪಾಡಾದ ಹಾಲು ಜನರಿಂದ ತುಂಬಿತ್ತು. ಎಲೆ ಹಾಕುವ ಮೊದಲು ಉಡುಗೊರೆಗಳ ಸರದಿ. ಹರಿಶ್ಚಂದ್ರ ಮೈಕಿನಲ್ಲಿ, "ಈಗ ನಮ್ಮ ಭಾವ ಸ್ವತಃ ಕೈಯಾರೆ ಬಿಡಿಸಿದ ಅಮ್ಮನ ಚಿತ್ರ!" ಎಂದು ಘೋಷಿಸಿದ. ನಾನು ವಿಕಾಸನ ಕಡೆ ಒಮ್ಮೆ ನೋಡಿ, ಬಟ್ಟೆ ಸರಿಸಿದೆ.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಊರ್ಮಿಳೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚೈತನ್ಯಾಳ ದನಿ ಕೇಳಿಸಿತು.

"ಅರೇ ಪಪ್ಪಾ, ಯೇ ತೋ ಅಜ್ಜಿ ಹೈ!"

"ಮತ್ತೆ? ನಿನ್ನ ಅಜ್ಜಿಯೇ!" ಎಂದೆ ಹೆಮ್ಮೆಯಿಂದ.

"ಅಮ್ಮಮ್ಮ ನಹೀ ಪಪ್ಪಾ. ಅಜ್ಜಿ. ಆಪ್ ಕೀ ಮಮ್ಮಿ."

ನಮ್ಮ ಮನೆಯಲ್ಲಿ ತಾಯಿಯ ತಾಯಿ ಅಮ್ಮಮ್ಮ, ತಂದೆಯ ತಾಯಿ ಅಜ್ಜಿ. ನಾನು ತಿರುಗಿ ನೋಡಿದೆ. ಕಟ್ಟಿನೊಳಗಿಂದ, ತೀರಿಹೋಗಿ ಮೂರು ವರ್ಷವಾಗಿದ್ದ ನನ್ನ ಅಮ್ಮ, ನಾನು ಶಾಲೆಗೆ ಚಕ್ಕರ್ ಹೊಡೆದಾಗ ನೋಡುತ್ತಿದ್ದಂತೆಯೇ ನನ್ನನ್ನು ನೋಡುತ್ತಿದ್ದಳು. ಅಳತೆ ಪುಸ್ತಕದ್ದು, ಮುಖ ಅಮ್ಮನದು. ಕೈಗೆ ಗೊತ್ತಿದ್ದದ್ದು ಆ ಒಂದೇ ಮುಖ.

ಬರೀ ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ನನ್ನ ಮದುವೆಯ ದಿನ ಪಂಕ್ತಿಯಲ್ಲಿ ಕೂತ ಅಮ್ಮ, "ಊರಲ್ಲಿ ಬೆಲ್ಲಕ್ಕೆ ಬರಗಾಲವಾ?" ಎಂದು ಪಾಯಸದ ಬಗ್ಗೆ ಗಟ್ಟಿಯಾಗಿ ಕೇಳಿದ್ದಳು. ಅಂದಿನಿಂದ ಕೊನೆಯವರೆಗೂ ಬೀಗಿತ್ತಿಯರಿಬ್ಬರ ನಡುವೆ ಹೂಂ, ಉಹೂಂಗಳ ಹೊರತು ಮಾತಿರಲಿಲ್ಲ. ಅಂಥ ಅತ್ತೆಯ ಎಪ್ಪತ್ತೈದಕ್ಕೆ ನಾನು ಚಿನ್ನದ ಕಟ್ಟಿನಲ್ಲಿ ತಂದು ನಿಲ್ಲಿಸಿದ್ದು ಇವಳನ್ನು!

ಅತ್ತೆ ಎದ್ದರು. ಚಿತ್ರದ ಹತ್ತಿರ ಬಂದು ಕನ್ನಡಕ ಸರಿಪಡಿಸಿಕೊಂಡರು.

"ಇದೇ ತುಟಿ. ಪಾಯಸ ಬಾಯಿಗೆ ಇಡುವ ಮೊದಲೇ ಹೀಗೆ ಮಾಡಿದ್ಳು" ಎಂದರು.

ಆಮೇಲೆ ನಮ್ಮೆಲ್ಲರ ಕಡೆಗೆ ತಿರುಗಿದರು.

"ಬದುಕಿದ್ದಾಗ ಎಷ್ಟು ಕರೆದ್ರೂ ನಮ್ಮಲ್ಲಿ ಊಟಕ್ಕೆ ಬರ್ಲಿಲ್ಲ. ಇವತ್ತು ಕರೆಯದೆ ಬಂದಿದ್ದಾಳೆ." ಅತ್ತೆಯ ದನಿ ಯಾಕೋ ಸಣ್ಣಗಾಯಿತು. "ಹರೀ, ಇವಳಿಗೂ ಒಂದು ಎಲೆ ಹಾಕು. ಪಾಯಸ ಧಾರಾಳ ಬಡಿಸ್ಲಿಕ್ಕೆ ಹೇಳು. ಬೆಲ್ಲ ಎಷ್ಟುಂಟು ಅಂತ ನೋಡ್ಲಿ!"

ಹಾಲಿಗೆ ಹಾಲೇ ನಕ್ಕಿತು. ಊರ್ಮಿಳೆ ನಗುತ್ತಲೇ ಕಣ್ಣೊರೆಸಿಕೊಂಡಳು. ಒಳಗೊಳಗೇ ನನ್ನ ಆತ್ಮವಿಶ್ವಾಸ ಮತ್ತೆ ತಲೆಯೆತ್ತಿತು. ನೋಡಿ, ಇಪ್ಪತ್ತೈದು ವರ್ಷದ ಜಗಳವನ್ನು ಒಂದು ಪೆನ್ಸಿಲಿನಿಂದ ಅಳಿಸಿದೆ! ಯಾವ ಷಡ್ಡಕನಿಗೆ ಇದು ಸಾಧ್ಯ?

ಷಡ್ಡಕನ ಉಡುಗೊರೆಯನ್ನು ಆಮೇಲೆ ನಾಲ್ಕು ಜನ ಹೊತ್ತು ತಂದರು. ಮಸಾಜ್ ಕುರ್ಚಿ! ಕೂತು ಗುಂಡಿ ಒತ್ತಿದರೆ ಬೆನ್ನು, ಸೊಂಟ, ಭುಜ ಎಲ್ಲವನ್ನೂ ಗುದ್ದುವ ಯಂತ್ರ. ಅತ್ತೆ ಕೂತು ನೋಡಿ, "ಭಾರಿ ಲಾಯ್ಕುಂಟು" ಎಂದರು. "ಆದ್ರೆ ಹರಿಯ ಮನೆಯಲ್ಲಿ ಇದಕ್ಕೆ ಜಾಗ ಎಲ್ಲಿ?"

ಎಲ್ಲರೂ ಯೋಚಿಸುತ್ತಿದ್ದಾಗ ಅತ್ತೆಯೇ ಪರಿಹಾರ ಹೇಳಿದರು.

"ಹೇಗೂ ನನ್ನ ಮುಖ ಬಾಕಿ ಉಂಟಲ್ಲ ಅಳಿಯಂದಿರೇ? ಬೀಗಿತ್ತಿಯದ್ದು ಇಷ್ಟು ಚೆಂದ ಬಂತು. ನನ್ನದೂ ಇದೇ ತರ ಬರುವವರೆಗೆ ನಾನು ಡೊಂಬಿವಲಿಯಲ್ಲೇ ಕೂರ್ತೇನೆ. ಕುರ್ಚಿಯೂ ಅಲ್ಲಿಗೇ ಬರ್ಲಿ."

ವಿಕಾಸ್ ನನ್ನ ಕೈ ಕುಲುಕಿದ. ಅಷ್ಟು ಪ್ರೀತಿಯಿಂದ ಅವನು ಹಿಂದೆಂದೂ ಕುಲುಕಿರಲಿಲ್ಲ.

ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ವಾಚ್‌ಮನ್ನನೂ ನಾನೂ ಸೇರಿ ಆ ಕುರ್ಚಿಯನ್ನು ಮೂರನೆಯ ಮಹಡಿಗೆ ಏರಿಸಿದೆವು. ನನ್ನ ಸೋಫಾ ಸ್ವರ್ಣಲತಾರ ಮನೆಗೆ ಹೋಯಿತು, ನಾನು ಚಾಪೆಗೆ ಇಳಿದೆ. ಅಂದಿನಿಂದ ಪ್ರತಿ ಭಾನುವಾರ ಅತ್ತೆ ಸಾಲಂಕೃತರಾಗಿ ಅದರಲ್ಲಿ ಕೂರುತ್ತಾರೆ, ಗುಂಡಿ ಒತ್ತುತ್ತಾರೆ. ನಾನು ಕೆಳಗೆ ಕೂತು ಪೆನ್ಸಿಲ್ ಚಾಚುತ್ತೇನೆ. ಕಣ್ಣುಗಳು ಒಮ್ಮೆ ಅರ್ಧಕ್ಕಿಂತ ಮೇಲೆ ಹೋಗುತ್ತವೆ, ಒಮ್ಮೆ ಕೆಳಗೆ ಬರುತ್ತವೆ. ಮೂಗು ಕಿವಿಯತ್ತ ಓಡುತ್ತದೆ. ಗದ್ದವಂತೂ ನಿಂತಲ್ಲಿ ನಿಲ್ಲುವುದೇ ಇಲ್ಲ.

"ಅತ್ತೆ, ಒಂದು ನಿಮಿಷ ಅದನ್ನು ಆಫ್ ಮಾಡಿ" ಎಂದು ಕಳೆದ ವಾರ ಕೈಮುಗಿದು ಬೇಡಿಕೊಂಡೆ.

"ಅದು ಆಗ್ಲಿಕ್ಕಿಲ್ಲ, ಸೊಂಟ ನೋಯ್ತದೆ" ಎಂದರು ಅತ್ತೆ, ಗಡಗಡ ನಡುಗುತ್ತ. "ನೀವೇ ಸ್ವಲ್ಪ ಅಲ್ಲಾಡಿ ಅಳಿಯಂದಿರೇ. ಆಗ ಸರಿ ಹೋಗ್ತದೆ."