ಚಿಕ್ಕಮ್ಮನ ಚೆಂಡಿಗೆ ಎಷ್ಟು ಮೊಗ್ಗು?

ನಮ್ಮ ಚಿಕ್ಕಪ್ಪ ದೇವರನ್ನು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಬೇರೆಯವರು ಹೇಳಿದ ಸರಾಸರಿಯನ್ನಂತೂ ಖಂಡಿತ ನಂಬುವುದಿಲ್ಲ! ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟಿತು, ಸಂಖ್ಯಾಶಾಸ್ತ್ರ ಬಿಡಬೇಕಲ್ಲ?

ಕಾರ್ಕಳದಿಂದ ಉಡುಪಿಗೆ ಒಂದು ಗಂಟೆ ಎಂದು ಕಂಡಕ್ಟರ್ ಹೇಳಿದ್ದೇ ತಪ್ಪಾಯಿತು. ಚಿಕ್ಕಪ್ಪ ಎರಡು ವಾರ ಅದೇ ಬಸ್ಸಿನಲ್ಲಿ ವಾಚು ನೋಡುತ್ತಾ ಕೂತರು. ಕೊನೆಗೆ, "ನಿಮ್ಮ ಒಂದು ಗಂಟೆಯನ್ನು ತಳ್ಳಿಹಾಕಲು ಸಾಕಷ್ಟು ಆಧಾರ ಸಿಗಲಿಲ್ಲ" ಎಂದರು.

"ಹಾಗಾದ್ರೆ ಇಳೀರಿ ಸರ್, ಸ್ಟಾಪ್ ಬಂತು" ಎಂದ ಕಂಡಕ್ಟರ್.

ಈಚೆಗೆ ಪರೀಕ್ಷೆ ಮನೆಯೊಳಗೇ ಬಂತು. ಶಂಕರಪುರದ ಮನೆಯಲ್ಲಿ ಚಿಕ್ಕಮ್ಮ ಮೂವತ್ತು ವರ್ಷದಿಂದ ಮಲ್ಲಿಗೆ ಕಟ್ಟುತ್ತಿದ್ದಾರೆ. ಕಟ್ಟಿದ ಮಾಲೆಯನ್ನು ಉಂಡೆಯಾಗಿ ಸುತ್ತಿದರೆ ಒಂದು ಚೆಂಡು; ಚೆಂಡಿಗೆ ಎಂಟುನೂರು ಮೊಗ್ಗು ಎಂಬುದು ಇಲ್ಲಿನ ರೂಢಿ. ಯಾರೂ ಎಣಿಸಿ ನೋಡುವುದಿಲ್ಲ, ಕಟ್ಟುವವರ ಕೈಯನ್ನು ನಂಬುತ್ತಾರೆ. ಒಂದು ದಿನ ಹೂ ಒಯ್ಯುವ ಏಜೆಂಟ್ ತಲೆ ಕೆರೆದುಕೊಂಡ.

"ಅಕ್ಕ, ನಿಮ್ಮ ಚೆಂಡಿನಲ್ಲಿ ಹೂ ಕಮ್ಮಿ ಉಂಟು ಅಂತ ಅಂಗಡಿಯವರು ಹೇಳ್ತಿದ್ದಾರೆ."

"ನಾನು ಮೋಸ ಮಾಡುವವಳಾ?" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಎದ್ದರು. "ಒಂದು ಚೆಂಡು ನೋಡಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ. ಎಂಟುನೂರೇ ಉಂಟು ಅಂತ ಮೊದಲು ಒಪ್ಪಿಕೊಳ್ಳುವ. ಹತ್ತು ದಿನ, ದಿನಕ್ಕೊಂದು ಚೆಂಡು ಎಣಿಸುವ. ಸರಾಸರಿ ತೀರಾ ದೂರ ಹೋದರೆ ಮಾತ್ರ ನಿನ್ನ ಮಾತು ಸರಿ."

ಚೀಟಿ ಎತ್ತಿ ಚೆಂಡು ಆರಿಸುವ ಕೆಲಸ ನನ್ನದು. ಚಿಕ್ಕಪ್ಪ ಬಾಳೆನಾರು ಬಿಡಿಸಿ ಒಂದೊಂದೇ ಮೊಗ್ಗು ಎಣಿಸುವರು. ನಡುವೆ ಫೋನ್ ಬಂದರೆ ಮತ್ತೆ ಒಂದರಿಂದ! ಮುಗಿಯುವಷ್ಟರಲ್ಲಿ ಮೊಗ್ಗೆಲ್ಲ ಅರಳಿ ಮಾರಾಟಕ್ಕಿಲ್ಲ. ಹತ್ತು ದಿನ ನೆರೆಮನೆಯ ದೇವರುಗಳಿಗೆಲ್ಲ ಹಬ್ಬವೋ ಹಬ್ಬ.

ಕೊನೆಯ ದಿನ ಲೆಕ್ಕ ಮುಗಿಸಿ, ಕಾಗದ ಮಡಚಿ ಜೇಬಿಗಿಟ್ಟರು.

"ಎಂತ ಬಂತು?" ಚಿಕ್ಕಮ್ಮ ಕೇಳಿದರು.

"ಎಂಟುನೂರೇ. ಸ್ವಲ್ಪ ಏರುಪೇರು, ಅದು ಆಕಸ್ಮಿಕ."

ಕಾಗದವನ್ನು ನಾನು ನೋಡಿದ್ದೆ. ಆಕಸ್ಮಿಕವಾಗಿರಲಿಲ್ಲ; ಒಂದು ಚೆಂಡೂ ಎಂಟುನೂರು ಮುಟ್ಟಿರಲಿಲ್ಲ. ಕಟ್ಟುತ್ತಾ ಕಟ್ಟುತ್ತಾ ಚಿಕ್ಕಮ್ಮನಿಗೆ ಈಗ ಎಣಿಕೆ ಮರೆತುಹೋಗುತ್ತಿತ್ತು. ಬಸ್ಸಿನ ಒಂದು ನಿಮಿಷವನ್ನೂ ಬಿಟ್ಟುಕೊಡದ ಮನುಷ್ಯ ಹೆಂಡತಿಗಾಗಿ ಸುಳ್ಳು ಹೇಳಿದ್ದರು! ಆಮೇಲೆ ಚಿಕ್ಕಪ್ಪ ಅಂಗಳದ ಮೂಲೆಯಲ್ಲಿ ನಿಂತು ಏಜೆಂಟನಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದರು, "ನಿನ್ನ ಮಾತು ಸರಿ. ನಾಳೆಯಿಂದ ಕಮ್ಮಿ ಆಗುದಿಲ್ಲ."

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಪಕ್ಕದಲ್ಲಿ ಚಾಪೆ ಹಾಸಿ ಕೂತರು. ಅವರು ಒಂದೊಂದು ಮೊಗ್ಗು ಕಟ್ಟಿದಂತೆ ಇವರು ಎಣಿಸತೊಡಗಿದರು.

"ಇನ್ನೂ ಎಂತ ಪರೀಕ್ಷೆ ನಿಮ್ಮದು?"

"ಹತ್ತು ಚೆಂಡು ಸಾಲುದಿಲ್ಲ. ದಿನಾ ಎಣಿಸಬೇಕು."

ಚಿಕ್ಕಮ್ಮ ತಲೆ ಎತ್ತಲಿಲ್ಲ. "ಹಾಗಾದ್ರೆ ಸ್ವಲ್ಪ ಜೋರಾಗಿ ಎಣಿಸಿ" ಎಂದರು, "ನನಗೂ ಕೇಳಲಿ."