ಟುಲಿಪ್ ಬೇಲಿ ಮುರಿದ ಹೋತರಾಯರಿಗೆ

ಮಾನ್ಯ ಹೋತರಾಯರೇ,

ಕಾಲ್‌ಮುರ್ಜಾನ ಕುರಿಮಂದೆಯ ಮುಂದಾಳೂ, ಚಾನಾಚ್ ಗುಡ್ಡದ ಸಕಲ ಕಾಲುದಾರಿಗಳನ್ನು ಬಲ್ಲವರೂ, ಬಲಗೊಂಬು ತುಸು ಸೊಟ್ಟಗಿದ್ದರೂ ಗಾಂಭೀರ್ಯದಲ್ಲಿ ಎಳ್ಳಷ್ಟೂ ಕೊರತೆಯಿಲ್ಲದವರೂ ಆದ ತಮ್ಮ ಸನ್ನಿಧಾನಕ್ಕೆ ಗುಡ್ಡದ ಟುಲಿಪ್ ಸಂರಕ್ಷಣಾ ಸಂಘದ ಅಧ್ಯಕ್ಷೆ ಬುರುಲ್ಚಾಳ ಸಲಾಮುಗಳು. ತಾವೂ, ತಮ್ಮ ಹಿಂದೆ ನಡೆಯುವ ಕುರಿಗಳೂ, ತಮ್ಮ ಗಡ್ಡವೂ ಕ್ಷೇಮವೆಂದು ನಂಬಿದ್ದೇನೆ. ಗಡ್ಡದ ಕ್ಷೇಮವನ್ನಂತೂ ನಿನ್ನೆ ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ಕೆಂಪು ದಳವೊಂದು ಸಿಕ್ಕಿಕೊಂಡಿತ್ತು, ಈ ಪತ್ರ ಬರೆಯಬೇಕಾಗಿ ಬಂದದ್ದೂ ಅದರಿಂದಲೇ.

ಜೀವಮಾನವಿಡೀ ಅಂಚೆ ಕಚೇರಿಯಲ್ಲಿ ಕೂತು ಊರವರ ದೂರುಗಳಿಗೆಲ್ಲ ಮೊಹರು ಒತ್ತಿದ ನನಗೆ, ದೂರು ಕೊಡುವುದಾದರೆ ತಲುಪಬೇಕಾದವರಿಗೇ ನೇರವಾಗಿ ಕೊಡಬೇಕೆಂಬ ಬುದ್ಧಿ ಬಂದದ್ದು ಬಹಳ ತಡವಾಗಿ. ಆದ್ದರಿಂದ ಇದನ್ನು ಸಾರ್ವಜನಿಕರ ಗಮನಕ್ಕೂ ಬರಲೆಂದು ಊರಿನ ಅಂಗಡಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಾವು ಕಾಗದಗಳನ್ನು ಓದುವ ಬದಲು ತಿನ್ನುವವರಾದ ಕಾರಣ ಸ್ವಲ್ಪ ಎತ್ತರದಲ್ಲಿ ಅಂಟಿಸಿದ್ದೇನೆ, ಇದನ್ನು ಅಗೌರವವೆಂದು ಭಾವಿಸಬಾರದು.

ನಮ್ಮ ಸಂಘದ ಪರಿಚಯ ತಮಗೆ ಇದೆ. ಅದರ ಬೇಲಿಯ ಕಂಬಗಳಿಗೆ ತಾವು ಬೆನ್ನು ಉಜ್ಜಿಕೊಂಡಿದ್ದೀರಿ. ಆದರೂ ಓದುವ ಇತರರಿಗಾಗಿ ಹೇಳುತ್ತೇನೆ. ಎಲೆಯ ಮೇಲೆ ನೇರಳೆ ಗೀರುಗಳಿರುವ ಆ ಕೆಂಪು ಟುಲಿಪ್ ನಮ್ಮ ಈ ಬೆಟ್ಟಗಳದ್ದೇ ಹುಟ್ಟುವಳಿ, ಯಾರೋ ತಂದು ನೆಟ್ಟದ್ದಲ್ಲ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ವಸಂತ ಬಂತೆಂದರೆ ಚಾನಾಚ್ ಗುಡ್ಡ ಊರಿನಿಂದಲೇ ಕೆಂಪಗೆ ಕಾಣುತ್ತಿತ್ತು. ಆಮೇಲೆ ಹೆಂಗಸರಿಗೆ ಉಡುಗೊರೆ ಕೊಡಲೆಂದು ಗಂಡಸರು ಕಟ್ಟುಕಟ್ಟಾಗಿ ಕಿತ್ತರು, ಪಟ್ಟಣದವರು ಗೆಡ್ಡೆಸಮೇತ ಅಗೆದುಕೊಂಡು ಹೋಗಿ ಮನೆಯಂಗಳದಲ್ಲಿ ನೆಟ್ಟು ಕೊಳೆಸಿದರು, ಉಳಿದದ್ದನ್ನು ತಮ್ಮಂಥವರು ನೋಡಿಕೊಂಡರು. ಕೊನೆಗೆ ಗುಡ್ಡದ ಬಡಗಣ ಇಳಿಜಾರಿನಲ್ಲಿ ಒಂದು ಪಟ್ಟಿ ಮಾತ್ರ ಉಳಿದಾಗ, ಅದೂ ಹೋದರೆ ಮೊಮ್ಮಕ್ಕಳಿಗೆ ಚಿತ್ರ ತೋರಿಸಬೇಕಾದೀತು ಎಂದು ಹೆದರಿ ನಾವು ಕೆಲವರು ಸಂಘ ಕಟ್ಟಿದೆವು. ಹೊರದೇಶದ ದಾನಿಗಳು ಪುಣ್ಯಾತ್ಮರು, ಮುಳ್ಳುತಂತಿ ಕೊಟ್ಟರು. ಸಂಘದ ಕಾರ್ಯದರ್ಶಿ ಮಿರ್ಲಾನ್ ರಾಜಧಾನಿಯಲ್ಲಿ ಸಸ್ಯಶಾಸ್ತ್ರ ಓದಿ ಬಂದ ಹುಡುಗ. ಕಾಲು ಎಂಬುದು ಇರುವ ಯಾವ ಪ್ರಾಣಿಯೂ ಒಳಗೆ ಹೋಗಕೂಡದೆಂದು ನಕ್ಷೆ ಬರೆದು ಬೇಲಿ ಹಾಕಿಸಿದ. ಪ್ರಾಣಿಗಳ ಪಟ್ಟಿಯಲ್ಲಿ ತಮ್ಮ ಬುದ್ಧಿಯನ್ನು ಮಾತ್ರ ಅವನು ಸೇರಿಸಿರಲಿಲ್ಲ.

ತಮ್ಮ ಸಾರ್ವಜನಿಕ ಜೀವನದ ಬಗ್ಗೆ ನನಗೆ ಅಪಾರ ಗೌರವವಿದೆ. ಚಿಕ್ಕಂದಿನಲ್ಲೇ ಕಾಲ್‌ಮುರ್ಜಾ ಒಂದು ಸಣ್ಣ ಚೂರಿಯ ನೆರವಿನಿಂದ ತಮ್ಮನ್ನು ಸಂಸಾರದ ಜಂಜಾಟದಿಂದ ಬಿಡಿಸಿ, ಸೆರ್ಕೆ ಎಂಬ ಪದವಿ ಕೊಟ್ಟು ಕುರಿಗಳ ಮುಂದೆ ನಿಲ್ಲಿಸಿದಂದಿನಿಂದ ತಾವು ಹಿಂದಿರುಗಿ ನೋಡಿದ್ದಿಲ್ಲ. ತಾವು ಹೊಳೆಗೆ ಇಳಿದರೆ ಕುರಿಗಳು ಇಳಿಯುತ್ತವೆ, ತಾವು ನಿಂತರೆ ನಿಲ್ಲುತ್ತವೆ. ನಮ್ಮ ದೇಶದಲ್ಲಿ ಇಷ್ಟು ನಿರ್ವಿವಾದವಾಗಿ ಆಯ್ಕೆಯಾದ ನಾಯಕರು ಬೇರೆ ಇರಲಾರರು. ಕಳೆದ ಶರತ್ಕಾಲದಲ್ಲಿ ಬೇಸಿಗೆಯ ಹುಲ್ಲುಗಾವಲಿನಿಂದ ಮಂದೆಯನ್ನು ಇಳಿಸಿಕೊಂಡು ಬರುತ್ತ ತಾವು ನಮ್ಮ ಬೇಲಿಯ ಕೆಳಮೂಲೆಯ ಕಂಬವನ್ನು ತಲೆಯಿಂದ ಗುದ್ದಿ ಮಲಗಿಸಿ, ಇಡೀ ಪರಿವಾರವನ್ನು ಒಳಗೆ ಕರೆದುಕೊಂಡು ಹೋಗಿ, ಸಂಜೆಯವರೆಗೆ ಔತಣ ನಡೆಸಿದಿರಿ. ಒಣಹುಲ್ಲು ನುಣ್ಣಗೆ ಬೋಳಾಯಿತು, ಮಣ್ಣೆಲ್ಲ ಗೊರಸಿನ ಗುರುತಾಯಿತು. ನಾನು ಆ ಮೂಲೆಯಲ್ಲಿ ಕೂತು ಅತ್ತೆ, ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅತ್ತು ಮುಗಿಸಿ ಊರಿನ ಹಿರಿಯರ ಪಂಚಾಯಿತಿಗೆ ದೂರು ಕೊಟ್ಟೆ. ಹಿರಿಯರು ಕಾಲ್‌ಮುರ್ಜಾನನ್ನು ಕರೆಸಿ, ಒಂದು ಹೋತವನ್ನು ಹದ್ದುಬಸ್ತಿನಲ್ಲಿಡಲಾಗದವನು ಮಕ್ಕಳನ್ನು ಹೇಗೆ ಬೆಳೆಸುತ್ತಾನೆ ಎಂದು ಊರ ಮುಂದೆ ಕೇಳಿದರು. ಮಾತು ಕಡಿಮೆಯ ಮನುಷ್ಯ, ತಲೆ ತಗ್ಗಿಸಿ ನಿಂತ. ಚಳಿಗಾಲವೆಲ್ಲ ಆ ಅವಮಾನವನ್ನು ಮನಸ್ಸಿನಲ್ಲೇ ಬೇಯಿಸುತ್ತಿದ್ದನೆಂದು ನನಗೆ ಗೊತ್ತಾದದ್ದು ಈ ವಸಂತದಲ್ಲಿ, ಅವನು ಮನೆಗೆ ಬಂದು ಸಂಘದ ಪದಾಧಿಕಾರಿಗಳನ್ನೆಲ್ಲ ಶನಿವಾರದ ಊಟಕ್ಕೆ ಕರೆದಾಗ. ಅಪರಾಧಿಯನ್ನೇ ನಮ್ಮ ಗೌರವಾರ್ಥ ಕುಯ್ಯುವುದಾಗಿ ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ.

ಇನ್ನು ನಾನು ಹೇಳುವುದನ್ನು ತಾವು ಅಹಂಕಾರಪಡದೆ ಕೇಳಬೇಕು. ಅವನು ಕರೆಯಲು ಬಂದದ್ದರ ಹಿಂದಿನ ದಿನವಷ್ಟೇ, ಹಿಮ ಕರಗಿತಲ್ಲ ನೋಡಿ ಬರೋಣವೆಂದು ನಾನು ಗುಡ್ಡ ಹತ್ತಿದ್ದೆ. ಬೇಲಿಯ ಮೇಲ್ಭಾಗದಲ್ಲಿ, ಅಂದರೆ ತಮ್ಮ ಪರಿವಾರ ತಲುಪದೆ ನಾವು ಕಣ್ಣಿನಂತೆ ಕಾಪಾಡಿದ ಕಡೆ, ಹಳೆಯ ಹುಲ್ಲು ಕಂಬಳಿಯ ಹಾಗೆ ಮಲಗಿತ್ತು. ಕೈಯಿಂದ ಬಿಡಿಸಿ ನೋಡಿದರೆ ಅಡಿಯಲ್ಲಿ ಬಿಳಿಚಿಕೊಂಡ ಒಂದೊಂದು ಎಲೆ. ತಾವು ಹಾಳು ಮಾಡಿದ ಕೆಳಮೂಲೆಯಲ್ಲಿ ಗೀರುಗೀರು ಎಲೆಗಳು ಒತ್ತೊತ್ತಾಗಿ ಎದ್ದು ನಿಂತಿದ್ದವು, ಮೊಗ್ಗು ಕಟ್ಟಿದ್ದವು. ಗೊರಸಿನ ಗುಳಿಗಳಲ್ಲಿ ಬಿದ್ದ ಬೀಜಗಳು ದಾರದಂಥ ಮೊಳಕೆ ಬಿಟ್ಟಿದ್ದವು. ಇಷ್ಟು ವರ್ಷ ನಾವು ಟುಲಿಪ್‌ಗಳನ್ನು ಮಂದೆಯಿಂದ ಕಾಪಾಡಿ ಹುಲ್ಲಿನ ಕೈಗೆ ಕೊಟ್ಟಿದ್ದೆವು. ಮಿರ್ಲಾನ್‌ನನ್ನು ಕರೆದು ತೋರಿಸಿದೆ. ಅವನು ಎರಡು ಕಡೆಯೂ ಮಂಡಿಯೂರಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ಇದನ್ನು ದಾನಿಗಳಿಗೆ ಯಾವ ಭಾಷೆಯಲ್ಲಿ ಬರೆಯಲಿ ಎಂದು ಕೇಳಿದ.

ಹೀಗಿರುವಾಗ ತಮ್ಮನ್ನು ಕುಯ್ದರೆ ಹೋಗುವುದು ಒಂದು ಹೋತವಲ್ಲ, ನಮ್ಮ ಗುಡ್ಡಕ್ಕಿದ್ದ ಒಬ್ಬನೇ ತೋಟಗಾರ. ನಾನು ಕೂಡಲೇ ಕಾಲ್‌ಮುರ್ಜಾನ ಮನೆಗೆ ಹೋಗಿ, ದೂರು ವಾಪಸು ತೆಗೆದುಕೊಂಡಿದ್ದೇನೆ, ಹೋತ ತಪ್ಪು ಮಾಡಿಲ್ಲ, ಉಪಕಾರವನ್ನೇ ಮಾಡಿದೆ ಎಂದು ಹೇಳಿದೆ. ಅವನು ಅದನ್ನು ನನ್ನ ದೊಡ್ಡತನವೆಂದು ತಿಳಿದು ಇನ್ನಷ್ಟು ಕುಗ್ಗಿಹೋದ. ನಮ್ಮಲ್ಲಿ ಅತಿಥಿ ಬೇಡವೆಂದಷ್ಟೂ ಆತಿಥೇಯನ ಹಟ ಏರುತ್ತದೆಂಬುದು ನನಗೆ ಗೊತ್ತಿಲ್ಲದ್ದಲ್ಲ.

"ಅಕ್ಕ, ಬೇಡ ಬೇಡ ಅಂತ ನನ್ನ ಮರ್ಯಾದೆ ತೆಗೀಬೇಡಿ. ಬೇಲಿ ಮುರಿದವನು ಅವನು, ತಲೆ ತಗ್ಗಿಸಿದವನು ನಾನು. ಅವನನ್ನೇ ಬೇಯಿಸಿ ನಿಮ್ಮ ಮುಂದೆ ಇಟ್ಟರೇನೇ ನಂಗೆ ನಿದ್ದೆ ಬರೋದು" ಎಂದ.

ಚಹಾ ಸುರಿಯುತ್ತಿದ್ದ ಅವನ ಹೆಂಡತಿ ತುರ್ಸುನೈ ನನ್ನ ಬಟ್ಟಲನ್ನು ಮಾತ್ರ ಅಂಚಿನವರೆಗೆ ತುಂಬಿಸಿದಳು. ಬೇಗ ಕುಡಿದು ಹೊರಡಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ. ಆದರೂ ಬಾಗಿಲವರೆಗೆ ಬಂದು ಹೇಳಿಯೇ ಕಳಿಸಿದಳು: "ಮುಂದಿನ ತಿಂಗಳು ಮಂದೆ ಹೊಳೆ ದಾಟಬೇಕು. ಅವತ್ತು ಕುರಿಗಳ ಮುಂದೆ ನೀವು ನಡೀತೀರಾ ಅಕ್ಕ?"

ಶನಿವಾರ ಬಂತು. ಹೋಗದಿದ್ದರೆ ಎರಡು ಮನೆಗಳ ನಡುವೆ ಮೂರು ತಲೆಮಾರು ಮಾತಿರುವುದಿಲ್ಲ, ಹೋದರೆ ತಾವಿರುವುದಿಲ್ಲ. ಹೋದೆವು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮಿರ್ಲಾನ್ ನನ್ನ ಕಿವಿಯಲ್ಲಿ, ಮನೆಯ ಹಿಂದಿನಿಂದ ಹೋಗಿ ಹಗ್ಗ ಬಿಚ್ಚಿಬಿಡಲೇ ಎಂದು ಕೇಳಿದ. ಮನೆಯ ಹಿಂದೆ ಇದ್ದದ್ದು ನಾಯಿ. ಪದ್ಧತಿಯಂತೆ ಕಾಲ್‌ಮುರ್ಜಾ ತಮ್ಮನ್ನು ಹೊಸ್ತಿಲವರೆಗೆ ತಂದು ನಿಲ್ಲಿಸಿ, ಕುಯ್ಯುವ ಮುನ್ನ ಹರಸಿ ಅಪ್ಪಣೆ ಕೊಡಬೇಕೆಂದು ಬಂದವರಲ್ಲೆಲ್ಲ ಹಿರಿಯಳಾದ ನನ್ನನ್ನು ಕೇಳಿಕೊಂಡ. ತಾವು ಎಂಥ ಧೀರರೆಂದರೆ ಸಾವು ಎದುರಿಗಿರುವಾಗಲೂ ತುರ್ಸುನೈಯ ಬಾಗಿಲ ಪರದೆಯ ಅಂಚನ್ನು ಜಗಿಯುತ್ತ ನಿಂತಿದ್ದಿರಿ.

ನಾನು ಅಂಗೈ ಚಾಚಿದೆ, ಎಲ್ಲರೂ ಚಾಚಿದರು. ಅನ್ನ ಕೊಟ್ಟ ಮನೆ ಬೆಳಗಲಿ ಎಂದು ಹೇಳಬೇಕಾದ ಬಾಯಿ ತಮ್ಮ ಮುಖ ನೋಡಿ ಬೇರೆ ದಾರಿ ಹಿಡಿಯಿತು. ಆಯಸ್ಸು ಗಟ್ಟಿಯಾಗಿರಲಿ, ಗಡ್ಡ ನೆಲ ಮುಟ್ಟಲಿ, ಚೂರಿ ಹತ್ತಿರ ಸುಳಿಯದಿರಲಿ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇಷ್ಟು ವರ್ಷ ಮದುವೆ, ತೊಟ್ಟಿಲು, ಸೈನ್ಯಕ್ಕೆ ಹೊರಟ ಹುಡುಗರು ಎಂದು ಹರಸಿ ಹರಸಿ ಪಳಗಿದ ನಾಲಿಗೆ ನಿಲ್ಲಲಿಲ್ಲ. ಹೋಗುವ ದಾರಿ ತೆರೆದಿರಲಿ, ಕೂತಲ್ಲಿ ಹಾಸಿದ ಊಟ ತುಂಬಿರಲಿ ಎಂದು ಮಾಮೂಲಿನ ಮುಕ್ತಾಯವನ್ನೂ ಸೇರಿಸಿಬಿಟ್ಟಿತು. ಹಾಗೇ ಆಗಲಿ ಎಂಬರ್ಥದಲ್ಲಿ ಇಡೀ ಸಂಘ "ಓಮಿನ್" ಎಂದು ಮುಖ ಸವರಿಕೊಂಡಿತು.

"ಅಕ್ಕ, ಈಗ ಹರಸಿದ್ದು ಯಾರಿಗೆ?" ಎಂದು ಕಾಲ್‌ಮುರ್ಜಾ ಮೆಲ್ಲಗೆ ಕೇಳಿದ.

"ಎದುರಿಗೆ ನಿಂತಿರೋರಿಗೆ."

"ಎದುರಿಗೆ ನಿಂತಿರೋದು ಹೋತ."

"ಹಾಗಾದ್ರೆ ಅವನಿಗೇ" ಎಂದೆ.

ಅವನು ತಮ್ಮನ್ನು ನೋಡಿದ, ಚೂರಿಯನ್ನು ನೋಡಿದ, ಅದನ್ನು ಬೂಟಿನೊಳಗೆ ತೂರಿಸಿ ತಮ್ಮ ಹಗ್ಗ ಬಿಚ್ಚಿದ. ಹಿರಿಯರ ಹರಕೆಗೆ ಓಮಿನ್ ಅಂದ ಮೇಲೆ ಅದನ್ನು ಮೀರುವವನು ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ. ತುರ್ಸುನೈ ಒಳಗೆ ಹೋಗಿ ನನಗೆ ಹೊಸ ಚಹಾ ತಂದಳು, ಈ ಬಾರಿ ಅರ್ಧ ಬಟ್ಟಲು. ನನಗೆ ಅಳು ಬಂತು, ಹೊಗೆಯ ಮೇಲೆ ಹಾಕಿದೆ.

ಈಗ ದೂರಿಗೆ ಬರುತ್ತೇನೆ. ಪ್ರಾಣ ಉಳಿದವರು ಯಾರಾದರೂ ಒಂದು ದಿನವಾದರೂ ಮನೆಯಲ್ಲಿ ಕೂತು ದೇವರ ಧ್ಯಾನ ಮಾಡುತ್ತಾರೆ. ತಾವು ಮರುದಿನ ಬೆಳಿಗ್ಗೆಯೇ ನೆಟ್ಟಗೆ ಗುಡ್ಡ ಹತ್ತಿ, ಅದೇ ಮೂಲೆಯಿಂದ ಒಳಗೆ ಹೋಗಿ, ಈ ವಸಂತದಲ್ಲಿ ಮೊದಲು ಅರಳಿದ ಟುಲಿಪ್ಪನ್ನು, ನಾನು ಇನ್ನೂ ಹತ್ತಿರ ಹೋಗಿ ನೋಡಿರದ ಹೂವನ್ನು, ನಾನು ನೋಡುತ್ತಿರುವಂತೆಯೇ ಬಾಯಿಗೆ ಹಾಕಿಕೊಂಡಿರಿ. ಶರತ್ಕಾಲದಲ್ಲಿ ಮಾಡಿದರೆ ಅದು ತೋಟಗಾರಿಕೆ, ವಸಂತದಲ್ಲಿ ಮಾಡಿದರೆ ದರೋಡೆ. ಇಷ್ಟು ಸರಳವಾದ ವಿಷಯ ತಮಗೆ ಹೊಳೆಯದೆ ಹೋಯಿತೇ? ಹೊಳೆಯದಿದ್ದರೂ ಬೇಸರವಿಲ್ಲ, ಸಸ್ಯಶಾಸ್ತ್ರ ಓದಿದವರಿಗೂ ಹೊಳೆದಿರಲಿಲ್ಲ.

ಮಿರ್ಲಾನ್ ಓಡಿಹೋಗಿ ಆ ಕಂಬವನ್ನು ಮತ್ತೆ ನೆಡಲು ಗುಂಡಿ ತೋಡುತ್ತಿದ್ದಾಗ ಕಾಲ್‌ಮುರ್ಜಾ ಕುದುರೆಯ ಮೇಲೆ ಆ ದಾರಿಯಲ್ಲಿ ಬಂದ. ಚಳಿಗಾಲ ಕಳೆದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

"ದಾರಿ ತೆರೆದಿರಲಿ ಅಂದಿದ್ದು ನೀವು, ಓಮಿನ್ ಅಂದಿದ್ದು ನಿಮ್ಮ ಸಂಘ. ಈಗ ಬೇಲಿ ಹಾಕೋದು ಯಾವ ಬಾಯಲ್ಲಿ ಅಕ್ಕ?"

ಗುಂಡಿ ಮುಚ್ಚಿಸಿದೆ. ಸಂಘ ತುರ್ತು ಸಭೆ ಸೇರಿ, ಕಂಬವಿದ್ದ ಜಾಗದಲ್ಲಿ ಒಂದು ಬಾಗಿಲು ಇಡುವುದೆಂದೂ, ಅದನ್ನು ಬೀಜ ಉದುರಿದ ಮೇಲೆ ತೆರೆದು ವಸಂತದಲ್ಲಿ ಮುಚ್ಚುವುದೆಂದೂ, ಮುಚ್ಚಿದಾಗ ಅದನ್ನು ಬೇಲಿಯೆನ್ನದೆ ವಿಶ್ರಾಂತಿ ಎನ್ನುವುದೆಂದೂ ತೀರ್ಮಾನಿಸಿದೆ. ಹರಕೆಗೆ ಭಂಗವಾಗಬಾರದಲ್ಲ. ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ: ತಾವು ದಯಮಾಡಿ ಋತುಗಳ ಪರಿಚಯ ಮಾಡಿಕೊಳ್ಳಬೇಕು, ಮೊಗ್ಗು ಕಂಡರೆ ಮುಖ ತಿರುಗಿಸಬೇಕು, ಹುಲ್ಲನ್ನೂ ಟುಲಿಪ್ಪನ್ನೂ ಬೇರೆಬೇರೆಯಾಗಿ ಮೂಸಿ, ಅನುಮಾನವಿದ್ದಲ್ಲಿ ಕಾರ್ಯದರ್ಶಿಯವರನ್ನು ಸಂಪರ್ಕಿಸಬೇಕು. ಸಂಘದ ಗೌರವ ಸದಸ್ಯತ್ವ ತಮಗಾಗಿ ಕಾದಿದೆ. ಸಭೆಗೆ ಬರುವಾಗ ಪರದೆಗಳಿಂದ ದೂರವಿರಬೇಕೆಂಬುದೊಂದೇ ಷರತ್ತು.

ಕೊನೆಯದಾಗಿ ಒಂದು ಮಾತು, ಇದು ದೂರಲ್ಲ. ಬೀಜದಿಂದ ಹುಟ್ಟಿದ ಟುಲಿಪ್ ಹೂ ಬಿಡುವುದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ. ತಮ್ಮ ಗೊರಸಿನ ಗುಳಿಯಲ್ಲಿ ಈ ವರ್ಷ ಕಣ್ಣುಬಿಟ್ಟ ಆ ದಾರದಂಥ ಮೊಳಕೆಗಳು ಕೆಂಪಾಗುವ ಹೊತ್ತಿಗೆ ನಾನು ಎಂಬತ್ತರ ಆಚೆಗಿರಬೇಕು, ಮೊಣಕಾಲು ಈಗಲೇ ಅರ್ಧ ಗುಡ್ಡಕ್ಕೆ ಕೈಕೊಡುತ್ತದೆ. ಆ ಶನಿವಾರ ಗಾಬರಿಯಲ್ಲಿ ಇದ್ದಬದ್ದ ಆಯಸ್ಸನ್ನೆಲ್ಲ ತಮಗೆ ಬೇಡಿಕೊಂಡೆ, ನನಗೆ ಒಂದಿಷ್ಟು ಕೇಳಿಕೊಳ್ಳಲು ಮರೆತುಹೋಯಿತು. ಹಾಗಾಗಿ ಅವು ಅರಳುವುದನ್ನು ನೋಡುವ ಕೆಲಸ ಬಹುಶಃ ತಮ್ಮದೇ. ನೋಡಿ ಸ್ವಾಮಿ, ಆ ದಿನ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನಿಂತು, ಗುಡ್ಡ ಎಲ್ಲಿಯವರೆಗೆ ಕೆಂಪಾಗಿದೆಯೆಂದು ನನ್ನ ಪರವಾಗಿ ನೋಡಿ. ಆಮೇಲೆ ಬೇಕಾದರೆ ತಿನ್ನಿ.

ತಮ್ಮ ದೀರ್ಘಾಯುಷ್ಯಕ್ಕೆ ಸಂಪೂರ್ಣ ಹೊಣೆಗಾರಳೂ
ತಮ್ಮ ವಿಶ್ವಾಸಿಯೂ ಆದ
ಬುರುಲ್ಚಾ
ಅಧ್ಯಕ್ಷೆ, ಗುಡ್ಡದ ಟುಲಿಪ್ ಸಂರಕ್ಷಣಾ ಸಂಘ

ಮರೆತಿದ್ದು: ಹಂಡೆಯಲ್ಲಿ ಬರೀ ನೀರು ಕುದಿಯಬಾರದೆಂದು ಕಾಲ್‌ಮುರ್ಜಾ ಅಂದು ತಮ್ಮ ಬದಲಿಗೆ ಒಂದು ಕುರಿಯನ್ನು ಕುಯ್ದ. ಯಾವಾಗಲೂ ತಮ್ಮ ಬಾಲಕ್ಕೆ ಮೂಗು ತಾಗಿಸಿಕೊಂಡು ನಡೆಯುತ್ತಿದ್ದ, ಬೇಲಿಯೊಳಕ್ಕೂ ತಮ್ಮ ಹಿಂದೆಯೇ ಬಂದ ಆ ಕಪ್ಪು ಮುಖದ್ದು. ಅದಕ್ಕೆ ಹರಸುವಾಗ ನನ್ನ ನಾಲಿಗೆ ಒಂದಕ್ಷರವೂ ದಾರಿ ತಪ್ಪಲಿಲ್ಲ. ತಾವು ಆಗ ಅಂಗಳದಲ್ಲಿ ತುರ್ಸುನೈ ಕೊಟ್ಟ ರೊಟ್ಟಿ ತಿನ್ನುತ್ತಿದ್ದಿರಿ.